ಕೀಲಿಕೈಯ ಜೊತೆ ಒಂದು ಕಾಗದವೂ ಇರಲಿ



ನಮ್ಮ ವೃತ್ತಿಯವರಿಗೆ ರಜೆ ಎಂಬುದು ಇಲ್ಲ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದಲ್ಲಿಂದ ರಾತ್ರಿ ಶಟರ್ ಎಳೆಯುವ ತನಕ ಗಲ್ಲಾ ಬಿಟ್ಟು ಏಳುವ ಹಾಗಿಲ್ಲ. ಊರಿನಲ್ಲಿ ಮನೆಯ ಭೂತದ ಕೋಲ ಎಂದರೆ ಎರಡು ದಿನಕ್ಕೆ ಓಡಿ ಹೋಗಿ ಮೂರನೇ ದಿನ ವಾಪಸು. ಎರಡು ವರ್ಷಕ್ಕೊಮ್ಮೆ ಬರುವ ಉಡುಪಿ ಪರ್ಯಾಯವನ್ನು ಟಿವಿಯಲ್ಲಿ ನೋಡಿ ಕೈ ಮುಗಿದವರೇ ನಮ್ಮಲ್ಲಿ ಹೆಚ್ಚು. ಪೇಟೆಯ ಹೋಟೆಲಿನವರ ಕಥೆ ಇದಾದರೆ, ಈಗ ಊರ ಹೊರಗೆ ತೋಟ ಮಾಡಿ ನಾಲ್ಕು ಕೋಣೆ ಕಟ್ಟಿ ಗೆಸ್ಟ್ ಹೌಸ್ ನಡೆಸುವವರ ಪಾಡು ಇನ್ನೂ ಕಷ್ಟ. ಹೋಟೆಲಿಗೆ ಒಂದು ದಿನ ಬೀಗ ಹಾಕಬಹುದು. ದನ ಇರುವ ತೋಟಕ್ಕೆ ಬೀಗ ಹಾಕುವುದು ಹೇಗೆ?

ಹಾಗಾದರೆ ಯಜಮಾನ ಯಜಮಾನ್ತಿ ಇಬ್ಬರೂ ಒಟ್ಟಿಗೆ ಊರು ಬಿಡಬೇಕಾದಾಗ ಅದನ್ನು ನೋಡಿಕೊಳ್ಳುವವರು ಯಾರು? ಸ್ನೇಹಿತರು ನೋಡಿಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ. ಆದರೆ ಬಾಯಿ ಮಾತಿನ ಮೇಲಲ್ಲ, ಬರೆದುಕೊಟ್ಟ ಕಾಗದದ ಮೇಲೆ. ಈ ಎರಡನೆಯದನ್ನು ಹೇಳುವುದಕ್ಕೇ ಈ ಲೇಖನ.

ಪುಣೆಯ ಸುತ್ತಮುತ್ತ ಮುಳಶಿ, ಪಾನಶೇತ್, ವಾಯಿ, ಅತ್ತ ಮುಂಬಯಿ ಕಡೆಯಿಂದ ಕರ್ಜತ್, ಈ ಜಾಗಗಳಲ್ಲಿ ಈಗ ತೋಟದ ಗೆಸ್ಟ್ ಹೌಸ್ ಬೇಕಾದಷ್ಟಿವೆ. ಬಾರಾಮತಿ ಹತ್ತಿರ ಪಾಂಡುರಂಗ ತಾವರೆ ಅವರು 2005ರಲ್ಲಿ ಕೃಷಿ ಪ್ರವಾಸೋದ್ಯಮ ಶುರು ಮಾಡಿದಾಗ, ದನ ಕರೆಯುವುದನ್ನು ನೋಡಲು ಯಾರು ದುಡ್ಡು ಕೊಡುತ್ತಾರೆ ಎಂದು ನಮ್ಮವರೇ ನಕ್ಕಿದ್ದುಂಟು. 2020ರಲ್ಲಿ ಮಹಾರಾಷ್ಟ್ರ ಸರ್ಕಾರ ಇದಕ್ಕೆಂದೇ ಒಂದು ನೀತಿ ತಂದಿತು. ಶನಿವಾರ ಭಾನುವಾರ ಐಟಿ ಕಂಪೆನಿಯ ಮಕ್ಕಳು, ಮೊಮ್ಮಕ್ಕಳನ್ನು ಕರೆದುಕೊಂಡು ಅಜ್ಜ ಅಜ್ಜಿಯರು ಕಾರು ಮಾಡಿಕೊಂಡು ಬರುತ್ತಾರೆ. ಸೌದೆ ಒಲೆಯ ಭಾಕರಿ, ಪಿಠಲ, ಠೇಚಾ ಬೇಕು. ಬೆಳಿಗ್ಗೆ ಎದ್ದರೆ ನಮ್ಮ ನೀರುದೋಸೆಯೂ ಬೇಕು. ವಯಸ್ಸಾದ ಮೇಲೆ ಪೇಟೆಯ ಹೋಟೆಲನ್ನು ಕಂಡಕ್ಟಿಂಗ್ ಮೇಲೆ ಕೊಟ್ಟು ತೋಟಕ್ಕೆ ಹೋಗಿ ಕೂತ ಹಿರಿಯರನ್ನು ನಮ್ಮ ಓದುಗರೆಲ್ಲ ಬಲ್ಲರು.

ಇಲ್ಲೇ ನೋಡಿ ವಿಚಿತ್ರ. ಹೋಟೆಲನ್ನು ಕಂಡಕ್ಟಿಂಗ್ ಕೊಡುವಾಗ ನಾವು ಎಷ್ಟು ಹುಷಾರು! ವಕೀಲರು, ಸ್ಟಾಂಪ್ ಪೇಪರ್, ಡಿಪಾಸಿಟ್, ಸಾಮಾನಿನ ಪಟ್ಟಿ. ಒಡೆದ ಕಪ್ಪು ಬಸಿ ಕೂಡ ಲೆಕ್ಕಕ್ಕೆ ಬರುತ್ತದೆ. ಅದೇ ನಾವು ತೋಟದ ಕೀಲಿಕೈಯನ್ನು ಸ್ನೇಹಿತನ ಕೈಗೆ ಕೊಡುವಾಗ, "ನೀವೇ ಇದ್ದೀರಲ್ಲ ಮಾರಾಯ್ರೇ, ನಿಮಗೆ ಹೇಳಿಕೊಡಬೇಕಾ?" ಎಂದು ಹೇಳಿ ರೈಲು ಹತ್ತುತ್ತೇವೆ. ನಮ್ಮ ವೃತ್ತಿಯಲ್ಲಿ ಇದರಷ್ಟು ದುಬಾರಿಯಾದ ಮಾತು ಇನ್ನೊಂದಿಲ್ಲ.

ನಮಗೆ ಗೊತ್ತಿರುವ ಇಬ್ಬರು ಮಿತ್ರರ ವಿಷಯ ಹೇಳುತ್ತೇವೆ. ಹೆಸರು ಬೇಡ. ಒಂದೇ ಕ್ಯಾಂಟೀನಿನಲ್ಲಿ ಟೇಬಲ್ ಒರೆಸಿ, ಒಂದೇ ರಾತ್ರಿ ಶಾಲೆಯಲ್ಲಿ ಓದಿ, ಮೂವತ್ತು ವರ್ಷ ಅಣ್ಣ ತಮ್ಮಂದಿರ ಹಾಗೆ ಇದ್ದವರು. ಒಬ್ಬರು ಹೆಂಡತಿಯನ್ನು ಕರೆದುಕೊಂಡು ಕಾಶಿಗೆ ಹೋದರು. ಇನ್ನೊಬ್ಬರು ಹನ್ನೊಂದು ದಿನ ಅವರ ತೋಟದ ಗೆಸ್ಟ್ ಹೌಸ್ ನೋಡಿಕೊಂಡರು. ಅಷ್ಟರಲ್ಲಿ ಪಂಪು ಸುಟ್ಟು ಹೋಯಿತು, ಸೆಪ್ಟಿಕ್ ಟ್ಯಾಂಕ್ ತುಂಬಿತು, ಒಂದು ಹಸು ಮೇವು ಬಿಟ್ಟಿತು. ಎಲ್ಲದಕ್ಕೂ ಆ ಮಿತ್ರರು ಓಡಾಡಿ ಖರ್ಚು ಮಾಡಿದರು. ರಸೀತಿ ಕೇಳುವುದು ನೆನಪಾಗಲಿಲ್ಲ. ಕಾಶಿಯಿಂದ ಬಂದವರು ಹುಡುಗರ ಎದುರಿಗೆ ಒಂದೇ ಮಾತು ಕೇಳಿದರು, "ಇಷ್ಟು ಖರ್ಚಾ?" ಕೇಳಿದವರ ಮನಸ್ಸಿನಲ್ಲಿ ಸಂಶಯ ಇತ್ತೋ ಇಲ್ಲವೋ ದೇವರಿಗೆ ಗೊತ್ತು. ಕೇಳಿಸಿಕೊಂಡವರ ಎದೆಗೆ ಅದು ನಾಟಿತು. ಈಗ ಅವರಿಬ್ಬರು ಸಂಘದ ಸಮಾರಂಭಕ್ಕೆ ಬಂದರೆ ಬೇರೆ ಬೇರೆ ಸಾಲಿನಲ್ಲಿ ಕೂರುತ್ತಾರೆ. ತಪ್ಪು ಯಾರದ್ದು? ಇಬ್ಬರೂ ಒಳ್ಳೆಯವರೇ. ನಡುವೆ ಒಂದು ಕಾಗದ ಇರಲಿಲ್ಲ, ಅಷ್ಟೇ.

ಇನ್ನು ಒಳ್ಳೆಯ ಉದಾಹರಣೆ. 2024ರ ಮಳೆಗಾಲದಲ್ಲಿ ನಮ್ಮ ಮಿತ್ರರೊಬ್ಬರು ಮಗಳ ಬಾಣಂತನಕ್ಕೆಂದು ಪತ್ನಿ ಸಮೇತ ನ್ಯೂಜೆರ್ಸಿಗೆ ಹೊರಟರು. ಮುಳಶಿ ಕಡೆ ಅವರದು ಆರು ಕೋಣೆಯ ಗೆಸ್ಟ್ ಹೌಸ್, ನಾಲ್ಕು ದನ, ಒಂದಿಷ್ಟು ಮಾವು, ಸುತ್ತ ಗದ್ದೆ. ಜೂನ್ ಕೊನೆಯಿಂದ ಆಗಸ್ಟ್ ಮೊದಲ ವಾರದ ತನಕ 42 ದಿನ. ನಾವು ಮೂರು ಮನೆಯವರು ಎರಡೆರಡು ವಾರ ಹಂಚಿಕೊಂಡೆವು. ಪೇಟೆಯಲ್ಲಿ ನಮ್ಮ ಗಲ್ಲಾವನ್ನು ಮಕ್ಕಳು, ತಮ್ಮಂದಿರು ನೋಡಿಕೊಂಡರು.

ಹೊರಡುವ ಹಿಂದಿನ ದಿನ ಮಿತ್ರರು ಎಲ್ಲರಂತೆ "ನಿಮಗೆ ಹೇಳಿಕೊಡಬೇಕಾ?" ಎಂದೇ ಶುರು ಮಾಡಿದರು. ಆದರೆ ಅವರ ಮನೆಯವರು, ನಾವು ಅತ್ತಿಗೆ ಎಂದು ಕರೆಯುವವರು, ಒಳಗಿನಿಂದ ನೂರು ಪುಟದ ಒಂದು ನೋಟ್ ಬುಕ್ ತಂದು ಮೇಜಿನ ಮೇಲೆ ಇಟ್ಟರು. "ಹೇಳಿಕೊಡುವುದಕ್ಕಲ್ಲ ಅಣ್ಣ, ನಾಳೆ ನಮ್ಮಲ್ಲಿ ಮಾತು ಬರಬಾರದಲ್ಲ" ಎಂದರು. ಯಾವ ದನ ಯಾರಿಗೆ ಹಾಲು ಕೊಡುತ್ತದೆ, ಯಾರಿಗೆ ಒದೆಯುತ್ತದೆ ಎಂಬುದರಿಂದ ಹಿಡಿದು, ಯಾವ ಹುಡುಗನಿಗೆ ಎಷ್ಟು ಅಡ್ವಾನ್ಸ್ ಹೋಗಿದೆ, ಯಾರ ಹತ್ತಿರ ತರಕಾರಿ ಉದ್ರಿ, ಯಾರ ಹತ್ತಿರ ನಗದು, ಗ್ಯಾಸಿನವನ ನಂಬರ್, ಪಂಪಿನವನ ನಂಬರ್, ದನದ ಡಾಕ್ಟರ ನಂಬರ್, ಎಲ್ಲ ಅದರಲ್ಲಿ ಇತ್ತು. ಕೊನೆಯ ಪುಟದಲ್ಲಿ ಗಂಡ ಹೆಂಡತಿ ಇಬ್ಬರ ಸಹಿ. ನಾವೂ ಸಹಿ ಹಾಕಿದೆವು.

ಆ ನೋಟ್ ಬುಕ್ಕಿನ ಬೆಲೆ ನಮಗೆ ಒಂದೇ ವಾರದಲ್ಲಿ ತಿಳಿಯಿತು. 2024 ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟಿನ ಹತ್ತಿರ ಒಂದೇ ಕುಟುಂಬದ ಐವರು ನೀರಿನಲ್ಲಿ ಕೊಚ್ಚಿಹೋದದ್ದು ನಿಮಗೆಲ್ಲ ನೆನಪಿರಬಹುದು. ಅದಾದ ಕೂಡಲೇ ಜಿಲ್ಲಾಡಳಿತ ಮುಳಶಿ, ಮಾವಳ ಕಡೆಯ ಜಲಪಾತ, ಕೆರೆ, ಅಣೆಕಟ್ಟು ಇರುವ ಜಾಗಗಳಲ್ಲಿ ಜುಲೈ ಕೊನೆಯ ತನಕ ನಿರ್ಬಂಧ ಹಾಕಿತು. ಜಲಪಾತ ನೋಡಲೆಂದೇ ಕೋಣೆ ಹಿಡಿದವರ ಫೋನು ಒಂದರ ಮೇಲೊಂದು ಬರತೊಡಗಿತು. ನಮ್ಮ ಅಡ್ವಾನ್ಸ್ ವಾಪಸು ಕೊಡಿ ಎಂದು. ಮಿತ್ರರನ್ನು ಕೇಳೋಣವೆಂದರೆ ನ್ಯೂಜೆರ್ಸಿ ನಮ್ಮಿಂದ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಹಿಂದೆ. ನಮ್ಮ ಬೆಳಿಗ್ಗೆ ಹತ್ತು ಅವರ ನಡುರಾತ್ರಿ. ಬಾಣಂತಿ ಮಲಗಿರುವ ಮನೆಗೆ ಆ ಹೊತ್ತಿಗೆ ಫೋನು ಮಾಡುವುದೇ? ನೋಟ್ ಬುಕ್ ತೆಗೆದೆವು. "ಮಳೆ, ರಸ್ತೆ ಬಂದ್, ಸರ್ಕಾರದ ಆರ್ಡರ್ ಇದ್ದರೆ ಬೇರೆ ತಾರೀಕು ಕೊಡಿ. ಒಪ್ಪದಿದ್ದರೆ ಪೂರ್ತಿ ವಾಪಸು. ವಾದ ಬೇಡ" ಎಂದು ಬರೆದಿತ್ತು. ಅದರ ಪ್ರಕಾರ ಮಾಡಿದೆವು. ಹೆಚ್ಚಿನವರು ಬೇರೆ ತಾರೀಕು ಒಪ್ಪಿಕೊಂಡರು.

ಜುಲೈ 25ರಂದು ಖಡಕವಾಸಲಾ ಅಣೆಕಟ್ಟಿನ ನೀರು ಬಿಟ್ಟು ಪುಣೆಯ ಸಿಂಹಗಡ ರಸ್ತೆಯ ಮನೆಗಳಿಗೆ ನೀರು ನುಗ್ಗಿದ ದಿನ ತೋಟದಲ್ಲಿ ಎರಡು ಕುಟುಂಬದ ಅತಿಥಿಗಳಿದ್ದರು. ಮಳೆ ನಿಲ್ಲುವ ತನಕ ಅವರನ್ನು ಹೊರಗೆ ಬಿಡಲಿಲ್ಲ. ಹೆಚ್ಚಾದ ಒಂದು ದಿನದ ಬಾಡಿಗೆ ತೆಗೆದುಕೊಳ್ಳಬೇಕೋ ಬಾರದೋ ಎಂಬುದಕ್ಕೂ ನೋಟ್ ಬುಕ್ಕಿನಲ್ಲಿ ಉತ್ತರ ಇತ್ತು. ಊಟದ್ದು ಮಾತ್ರ ತೆಗೆದುಕೊಂಡೆವು. ಯೋಚಿಸಿ ನೋಡಿ. ಆ ಕಾಗದ ಇಲ್ಲದಿದ್ದರೆ ನಾವು ಬಾಡಿಗೆ ಬಿಟ್ಟದ್ದು ಮಿತ್ರರ ದುಡ್ಡು ಬಿಟ್ಟಂತೆ ಆಗುತ್ತಿತ್ತು. ತೆಗೆದುಕೊಂಡಿದ್ದರೆ ಮಿತ್ರರ ಹೆಸರು ಕೆಡಿಸಿದಂತೆ ಆಗುತ್ತಿತ್ತು. ಎರಡರಲ್ಲಿ ಯಾವುದನ್ನು ಮಾಡಿದರೂ ನಮಗೆ ಮಾತು ತಪ್ಪುತ್ತಿರಲಿಲ್ಲ.

ತೋಟದ ಗೆಸ್ಟ್ ಹೌಸ್ ಎಂದರೆ ಹೋಟೆಲಿನ ತಮ್ಮ ಎಂದು ನಮ್ಮವರು ತಿಳಿಯುತ್ತಾರೆ. ಅದು ಸರಿಯಲ್ಲ. ಹೋಟೆಲಿಗೆ ಬಂದ ಗಿರಾಕಿ ಇಪ್ಪತ್ತು ನಿಮಿಷದಲ್ಲಿ ಕೈ ತೊಳೆದು ಹೋಗುತ್ತಾನೆ. ತೋಟದಲ್ಲಿ ಅವನು ರಾತ್ರಿ ಮಲಗುತ್ತಾನೆ. ಅವನ ಮಕ್ಕಳು ಬಾವಿ ಕಟ್ಟೆಯ ಹತ್ತಿರ ಆಡುತ್ತವೆ. ಮಳೆಗಾಲದಲ್ಲಿ ಹಾವಿನ ಭಯ. ಮರಾಠಿಯವರು ಮಣ್ಯಾರ್ ಎನ್ನುವ ಕಟ್ಟುಹಾವು ರಾತ್ರಿ ಓಡಾಡುತ್ತದೆ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನೆಲದ ಮೇಲೆ ಮಲಗಬಾರದು, ಸೊಳ್ಳೆ ಪರದೆ ಕಟ್ಟಬೇಕು. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಮಾಡದೆ 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಆದರೆ ಯಾವ ಆಸ್ಪತ್ರೆಗೆ? ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಯಾವ ಆಸ್ಪತ್ರೆಯಲ್ಲಿ ಇದೆ ಎಂಬುದು ಯಜಮಾನರಿಗೆ ಗೊತ್ತು, ಪೇಟೆಯಿಂದ ಬಂದ ಸ್ನೇಹಿತನಿಗೆ ಗೊತ್ತಿಲ್ಲ. ಇಂಥದ್ದನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ ಹೋಗುವುದು ಯಜಮಾನರ ಧರ್ಮ.

ದುಡ್ಡಿನ ವಿಷಯಕ್ಕೆ ಬರೋಣ. ಹಿಂದೆ ಗಲ್ಲಾಪೆಟ್ಟಿಗೆಯ ಕೀಲಿಕೈ ಕೊಟ್ಟರೆ ಎಲ್ಲ ಕೊಟ್ಟಂತೆ ಇತ್ತು. ಈಗ ಹಾಗಿಲ್ಲ. ಅತಿಥಿ ಕ್ಯುಆರ್ ಕೋಡಿಗೆ ಮೊಬೈಲ್ ಹಿಡಿಯುತ್ತಾನೆ. ದುಡ್ಡು ಯಜಮಾನರ ಖಾತೆಗೆ, ಅದರ ಸಂದೇಶ ಯಜಮಾನರ ಮೊಬೈಲಿಗೆ. ಆ ಮೊಬೈಲು ಇರುವುದು ಯಜಮಾನರ ಜೇಬಿನಲ್ಲಿ, ಸಮುದ್ರದಾಚೆ. ಬುಕಿಂಗ್ ಸೈಟಿನ ಒಟಿಪಿಯೂ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ದುಡ್ಡು ಬಂತು ಎಂದು ಕೂಗಿ ಹೇಳುವ ಡಬ್ಬಿಯನ್ನಾದರೂ ಗಲ್ಲಾದ ಮೇಲೆ ಇಟ್ಟು ಹೋಗಬೇಕು. ನಗದು ಎಷ್ಟು, ಖಾತೆಗೆ ಎಷ್ಟು ಎಂದು ದಿನದ ಲೆಕ್ಕವನ್ನು ರಾತ್ರಿ ಒಂದು ಪುಟದಲ್ಲಿ ಬರೆದು, ಅದರ ಫೋಟೋ ವಾಟ್ಸಾಪಿನಲ್ಲಿ ಕಳಿಸಿ ಮಲಗಬೇಕು. ನಾವು 42 ದಿನವೂ ಹೀಗೆ ಮಾಡಿದೆವು. ಐದು ನಿಮಿಷದ ಕೆಲಸ.

ಕಾನೂನಿನ ಭಾಗವೂ ಇದೆ. ವಿದೇಶಿ ಅತಿಥಿ ಬಂದು ಇಳಿದುಕೊಂಡರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸರ್ಕಾರಕ್ಕೆ ತಿಳಿಸಬೇಕು. ಅದರ ಪಾಸ್‌ವರ್ಡ್ ಯಜಮಾನರ ತಲೆಯಲ್ಲಿ ಮಾತ್ರ ಇದ್ದರೆ? 2025 ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿ ತನಕದ ಕೋಣೆಗಳ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಯಜಮಾನರು ಯಾತ್ರೆಯಲ್ಲಿ ಇರುವಾಗ ಇಂಥ ಬದಲಾವಣೆ ಬಂದರೆ ಬಿಲ್ಲಿನಲ್ಲಿ ತಿದ್ದುವವರು ಯಾರು? ಲೈಸೆನ್ಸು, ಬಿಲ್ಲು, ಫುಡ್ ಸರ್ಟಿಫಿಕೇಟು ಎಲ್ಲ ಅವರ ಹೆಸರಿನಲ್ಲಿ. ಇನ್ಸ್‌ಪೆಕ್ಟರ್ ಬಂದು "ನೀವು ಯಾರು?" ಎಂದರೆ "ನಾವು ಸ್ನೇಹಿತರು" ಎಂದು ಹೇಳಿದರೆ ಸಾಕೇ? ಇಂಥ ತಾರೀಕಿನಿಂದ ಇಂಥ ತಾರೀಕಿನ ತನಕ ನನ್ನ ಪರವಾಗಿ ಇವರು ನೋಡಿಕೊಳ್ಳುತ್ತಾರೆ ಎಂಬ ಸಹಿ ಹಾಕಿದ ಒಂದು ಪತ್ರ ಕೈಯಲ್ಲಿ ಇದ್ದರೆ ಮಾತಾಡುವ ಧೈರ್ಯವೇ ಬೇರೆ.

ಹತ್ತನೇ ತನಕ ಓದಿದ ನಮಗೆ ಕಾಯ್ದೆ ಪುಸ್ತಕ ಅರ್ಥವಾಗುವುದು ಅಷ್ಟಕ್ಕಷ್ಟೇ. ನಮ್ಮ ವಕೀಲ ಮಿತ್ರರು 1872ರ ಕರಾರು ಕಾಯ್ದೆ ತೆಗೆದು ತೋರಿಸಿದರು. ಒಬ್ಬರ ಪರವಾಗಿ ಕೆಲಸ ಮಾಡುವವರ ಬಗ್ಗೆ ಅದರಲ್ಲಿ ಎಲ್ಲ ಹೇಳಿದೆ. ತುರ್ತು ಸಮಯದಲ್ಲಿ ಯಜಮಾನರಿಗೆ ನಷ್ಟ ಆಗದಂತೆ, ಬುದ್ಧಿವಂತನಾದವನು ತನ್ನದಕ್ಕೆ ಏನು ಮಾಡುತ್ತಾನೋ ಅದನ್ನು ಮಾಡುವ ಅಧಿಕಾರ ನೋಡಿಕೊಳ್ಳುವವರಿಗೆ ಇದೆ, ಅದು 189ನೇ ಕಲಮು. ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸಬೇಕು, ಅದು 213. ಕಷ್ಟ ಬಂದಾಗ ಯಜಮಾನರನ್ನು ಸಂಪರ್ಕಿಸಿ ಕೇಳಲು ಪ್ರಯತ್ನಿಸಬೇಕು, ಅದು 214. ಕೊಟ್ಟ ಅಧಿಕಾರದೊಳಗೆ ಕಾನೂನು ಪ್ರಕಾರ ಮಾಡಿದ ಕೆಲಸದಿಂದ ನೋಡಿಕೊಳ್ಳುವವರಿಗೆ ನಷ್ಟವಾದರೆ ಯಜಮಾನರು ತುಂಬಿಕೊಡಬೇಕು, ಅದು 222. ನೂರೈವತ್ತು ವರ್ಷದ ಹಿಂದೆಯೇ ಇಷ್ಟು ಯೋಚನೆ ಮಾಡಿ ಬರೆದಿಟ್ಟಿದ್ದಾರೆ. ನಮ್ಮಿಂದ ಒಂದು ಪುಟ ಬರೆಯಲು ಆಗದೇ?

ನೋಡಿಕೊಳ್ಳುವವರಿಗೂ ಎರಡು ಮಾತು. ನಾವು ಹೋಟೆಲಿನವರು. ಇನ್ನೊಬ್ಬರ ಅಡುಗೆಮನೆಗೆ ಹೋದರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಸಾಂಬಾರಿಗೆ ಬೆಲ್ಲ ಜಾಸ್ತಿಯಾಯಿತು, ಹಾಲಿನ ಖರ್ಚು ಹೆಚ್ಚಾಯಿತು, ಇಬ್ಬರು ಮಾಡುವ ಕೆಲಸಕ್ಕೆ ಮೂವರು ಯಾಕೆ ಎಂದೆಲ್ಲ ಕಾಣುತ್ತದೆ. ಕಾಣಲಿ. ನಾವು ಹೋಗಿರುವುದು ಕಾಯುವುದಕ್ಕೆ, ತಿದ್ದುವುದಕ್ಕಲ್ಲ. ಅಲ್ಲಿ ಅಡುಗೆ ಮಾಡುವ ಹೆಂಗಸು ಹತ್ತಿರದ ವಾಡಿಯವರು. ನಾವು ಎರಡು ವಾರ ಇದ್ದು ಹೋಗುತ್ತೇವೆ, ಅವರು ಅಲ್ಲೇ ಇರಬೇಕಾದವರು. ಅವರನ್ನು ಬೈದು ಬದಲಾಯಿಸಿದರೆ ಯಜಮಾನರು ಬಂದಾಗ ಒಲೆ ತಣ್ಣಗಿರುತ್ತದೆ.

ಆಸೆಯೂ ಬರುತ್ತದೆ. ನಾವಿದ್ದಾಗ ಒಂದು ಆಫೀಸಿನ ಇಪ್ಪತ್ತೈದು ಜನರ ತಂಡ ಎಲ್ಲ ಕೋಣೆಗಳನ್ನೂ ಕೇಳಿತು. ಬಾಡಿಗೆ ಎರಡರಷ್ಟು ಕೊಡುತ್ತೇವೆ, ಆದರೆ ಕುಡಿಯಲು ಬಿಡಬೇಕು, ಡಿಜೆ ಹಾಕಬೇಕು ಎಂದರು. ಎರಡು ದಿನದಲ್ಲಿ ತಿಂಗಳ ಖರ್ಚು ಹುಟ್ಟುವ ವ್ಯಾಪಾರ. ಮಿತ್ರರಿಗೆ ಲಾಭ ಮಾಡಿ ತೋರಿಸಬಹುದಿತ್ತು. ಆದರೆ ನೋಟ್ ಬುಕ್ಕಿನಲ್ಲಿ "ಕುಡಿತ ಇಲ್ಲ, ಡಿಜೆ ಇಲ್ಲ, ಯಾರೇ ಕೇಳಲಿ" ಎಂದಿತ್ತು. ಇಲ್ಲ ಎಂದೆವು. ಕೋಣೆಗಳು ಆ ವಾರ ಖಾಲಿ ಉಳಿದವು. ಮಿತ್ರರ ಲಾಭ ಯಾವುದು ಎಂದು ತೀರ್ಮಾನಿಸಬೇಕಾದವರು ಮಿತ್ರರೇ, ನಾವಲ್ಲ. ಪಕ್ಕದ ಗದ್ದೆಯವರ ಜೊತೆ ಅವರು ವರ್ಷಾನುಗಟ್ಟಲೆ ಬಾಳಬೇಕು.

ಯಜಮಾನರಿಗೂ ಮಾತಿದೆ. ಒಪ್ಪಿಸಿ ಹೋದ ಮೇಲೆ ಒಪ್ಪಿಸಿದ ಹಾಗೆಯೇ ಇರಬೇಕು. ಕೆಲವರು ಹರಿದ್ವಾರದಲ್ಲಿ ಗಂಗಾರತಿ ನೋಡುತ್ತಾ ಮೊಬೈಲಿನಲ್ಲಿ ತೋಟದ ಕ್ಯಾಮೆರಾ ನೋಡುತ್ತಾರೆ. "ಆ ಬಲ್ಬು ಯಾಕೆ ಉರಿಯುತ್ತಿದೆ?" ಎಂದು ಫೋನು ಮಾಡುತ್ತಾರೆ. ಹೀಗಾದರೆ ಯಾತ್ರೆಯ ಪುಣ್ಯವೂ ಇಲ್ಲ, ಸ್ನೇಹಿತನಿಗೆ ಮರ್ಯಾದೆಯೂ ಇಲ್ಲ. ದಿನಕ್ಕೆ ಒಂದು ಹೊತ್ತು ಗೊತ್ತು ಮಾಡಿ ಮಾತಾಡಿದರೆ ಸಾಕು. ತುರ್ತು ಖರ್ಚಿಗೆ ಇಂತಿಷ್ಟು ಎಂದು ಕೈಯಲ್ಲಿ ಕೊಟ್ಟು, ಅಷ್ಟರ ತನಕ ಕೇಳಬೇಡಿ ಎಂದು ಬರೆದು ಹೋಗಬೇಕು. ನಾವಿದ್ದಾಗ ಒಬ್ಬ ಹುಡುಗನ ತಾಯಿ ಆಸ್ಪತ್ರೆ ಸೇರಿದರು. ಆ ದುಡ್ಡಿನಿಂದಲೇ ಅರ್ಧ ಗಂಟೆಯೊಳಗೆ ಕೊಟ್ಟು ಕಳಿಸಿದೆವು. ಅನುಮತಿಗೆ ಕಾಯಬೇಕಾಗಿದ್ದರೆ ಆ ಹುಡುಗನ ಮುಖ ನೋಡುವುದು ಹೇಗೆ? ವಾಪಸು ಬಂದ ಮೇಲೆ ಲೆಕ್ಕ ನೋಡಿ, ಖಂಡಿತ ನೋಡಿ. ಆದರೆ ಒಳಗೆ ಕೂತು ನೋಡಿ, ಹುಡುಗರ ಎದುರಿಗೆ ಬೇಡ.

ಸಂಬಳ ಕೊಡಬೇಕೇ ಎಂದು ಕೆಲವರು ಕೇಳುತ್ತಾರೆ. ಸ್ನೇಹಕ್ಕೆ ಸಂಬಳ ಬೇಡ. ಆದರೆ ಹೋಗಿ ಬರುವ ಪೆಟ್ರೋಲು, ಸ್ವಂತ ಜೇಬಿನಿಂದ ಹೋದದ್ದು, ಇವನ್ನು ಕೇಳದೆ ಕೊಡಬೇಕು. ಅದಕ್ಕಿಂತ ಮುಖ್ಯ, ನಾಳೆ ಅವರು ಊರಿಗೆ ಹೊರಟರೆ ಅವರ ಗಲ್ಲಾದಲ್ಲಿ ಹೋಗಿ ಕೂರಬೇಕು. ನಮ್ಮ ಮಿತ್ರರು ಮುಂದಿನ ವರ್ಷ ನಮ್ಮ ಮನೆಯ ನಾಗನ ತಂಬಿಲಕ್ಕೆ ನಾವು ಹೊರಟಾಗ ಮೂರು ದಿನ ನಮ್ಮ ಹೋಟೆಲಿನಲ್ಲಿ ಕೂತರು. ನಾವೂ ಒಂದು ನೋಟ್ ಬುಕ್ ಬರೆದು ಕೊಟ್ಟೇ ಹೋದೆವು.

ಸ್ನೇಹಿತರ ನಡುವೆ ಕಾಗದ ಎಂದರೆ ಅವಮಾನ, ನಂಬಿಕೆ ಇಲ್ಲದ ಹಾಗೆ ಎನ್ನುವ ಹಿರಿಯರಿದ್ದಾರೆ. ಅವರ ಕಾಲದಲ್ಲಿ ಮಾತೇ ಕಾಗದವಾಗಿತ್ತು, ನಿಜ. ಅವರ ಮೇಲೆ ನಮಗೆ ಗೌರವ ಇದೆ. ಆದರೆ ತಾಯಿ ಮಕ್ಕಳಾದರೂ ಬಾಯಿ ಹೊಟ್ಟೆ ಬೇರೆ ಎಂದವರೂ ನಮ್ಮ ಹಿರಿಯರೇ. ಕಾಗದ ಇರುವುದು ಸ್ನೇಹಿತನ ಮೇಲೆ ಸಂಶಯ ಇದೆ ಎಂದಲ್ಲ. ನಾಳೆ ಸಂಶಯ ಹುಟ್ಟಬಾರದು ಎಂದು. ಕಾಗದಕ್ಕೆ ನಾಚಿ ಮೂವತ್ತು ವರ್ಷದ ಸ್ನೇಹ ಕಳೆದುಕೊಂಡವರನ್ನು ಕಂಡ ಮೇಲೆ ನಮಗೆ ಈ ವಿಷಯದಲ್ಲಿ ದಾಕ್ಷಿಣ್ಯ ಇಲ್ಲ.

ನಮ್ಮ ಸಂಘಕ್ಕೆ ಒಂದು ವಿನಂತಿ. ಕನ್ನಡದಲ್ಲಿ ಎರಡು ಪುಟದ ಒಂದು ಫಾರ್ಮ್ ಅಚ್ಚು ಹಾಕಿಸಿ ಆಫೀಸಿನಲ್ಲಿ ಇಡಲಿ. ಎಷ್ಟು ದಿನ, ಯಾರು, ಎಷ್ಟು ಖರ್ಚಿನ ಅಧಿಕಾರ, ಯಾವ ಆಸ್ಪತ್ರೆ, ಹುಡುಗರ ಸಂಬಳ ಅಡ್ವಾನ್ಸ್, ಅತಿಥಿಗಳ ನಿಯಮ, ದನ ಕರುಗಳ ವಿಷಯ, ಕೊನೆಗೆ ಇಬ್ಬರ ಸಹಿ. ಯಾರ ಯಾರ ಗೆಸ್ಟ್ ಹೌಸು, ಹೋಟೆಲು ನೋಡಿಕೊಳ್ಳಲು ಯಾವ ಸದಸ್ಯರು ತಯಾರಿದ್ದಾರೆ ಎಂಬ ಪಟ್ಟಿಯೂ ಇರಲಿ. ಫಾರ್ಮ್ ತಯಾರಿಸುವಾಗ ನಮ್ಮ ಮನೆಯ ಹೆಂಗಸರನ್ನು ಕೇಳಲು ಮರೆಯಬೇಡಿ. ಗಲ್ಲಾ ನಮ್ಮ ಕೈಯಲ್ಲಿ ಇರಬಹುದು, ಆದರೆ ಯಾವ ಡಬ್ಬಿಯಲ್ಲಿ ಏನಿದೆ, ಯಾವ ಹುಡುಗನ ಮನೆಯಲ್ಲಿ ಏನು ಕಷ್ಟ ಎಂದು ಗೊತ್ತಿರುವುದು ಅವರಿಗೇ.

ನಮ್ಮಲ್ಲಿ ಎಷ್ಟೋ ಜನ ಮೊಮ್ಮಗುವಿನ ಮುಖವನ್ನು ಮೊಬೈಲಿನಲ್ಲಿ ಮಾತ್ರ ನೋಡಿದವರು. ಕಾಶಿ ರಾಮೇಶ್ವರ ಮುಂದಿನ ವರ್ಷ, ಅದರ ಮುಂದಿನ ವರ್ಷ ಎಂದು ಹೇಳುತ್ತಾ ಗಲ್ಲಾದ ಮೇಲೆಯೇ ಕಣ್ಣು ಮುಚ್ಚಿದವರೂ ಇದ್ದಾರೆ. ಒಬ್ಬರಿಗೊಬ್ಬರು ಕೂತುಕೊಂಡರೆ ಎಲ್ಲರೂ ಒಮ್ಮೆಯಾದರೂ ಹೋಗಿ ಬರಬಹುದು. ಈ ಬಗ್ಗೆ ಬರುವ ಮಹಾಸಭೆಯಲ್ಲಿ ಚರ್ಚೆಯಾಗಲಿ. ನಮ್ಮ ಹತ್ತಿರ ಇರುವ ಅತ್ತಿಗೆಯವರ ಆ ನೋಟ್ ಬುಕ್ಕಿನ ಜೆರಾಕ್ಸ್ ಪ್ರತಿಯನ್ನು, ಅವರ ಒಪ್ಪಿಗೆ ಪಡೆದು, ಸಭೆಗೆ ತಂದು ತೋರಿಸಲು ನಾವು ತಯಾರಿದ್ದೇವೆ.